ಅಪ್ಪ ಐದು ಮಂದಿಗೆ ಹೇಳಬೇಕಾಗಿದ್ದ ಮಾತು

ಔರಾದಿನಲ್ಲಿ ನಾವಿದ್ದದ್ದು ಅರ್ಧ ಮನೆ, ಅರ್ಧ ಕಚೇರಿ. ಬೀದಿಯ ಕಡೆಗಿದ್ದ ದೊಡ್ಡ ಪಡಸಾಲೆ, ಅದರ ಮಗ್ಗುಲಿನ ಎರಡು ಕೋಣೆ ಜಾಗೀರಿನ ಕಚೇರಿಗೆ ಸೇರಿದ್ದವು. ಹಿಂದಿನ ಅಂಗಳ, ಅಡುಗೆಮನೆ, ಜೋಳ ತುಂಬಿಡುವ ಕತ್ತಲೆಕೋಣೆ, ಮೇಲಿನ ಮಾಳಿಗೆ ನಮ್ಮವು. ನಡುವೆ ಇದ್ದದ್ದು ಒಂದೇ ಗೋಡೆ, ಆ ಗೋಡೆಯಲ್ಲಿ ನನ್ನ ಮುಖ ಹಿಡಿಸುವಷ್ಟು ಅಗಲದ ಒಂದು ಕಿಂಡಿ. ಈ ಕಡೆ ಅವ್ವ ಒಗ್ಗರಣೆ ಹಾಕಿದರೆ ಆ ಕಡೆ ಗುಮಾಸ್ತರು ಸೀನುತ್ತಿದ್ದರು. ಆ ಕಡೆ ಯಾರಾದರೂ ಬಡ ರೈತನ ಮೇಲೆ ದನಿಯೆತ್ತಿ ಒದರಿದರೆ ಈ ಕಡೆಯಿಂದ ಅವ್ವ ಲಟ್ಟಣಿಗೆ ತೆಗೆದುಕೊಂಡು ಗೋಡೆಗೆ ಎರಡು ಸಲ ಬಡಿಯುತ್ತಿದ್ದಳು. ದನಿ ಇಳಿಯುತ್ತಿತ್ತು. ನನ್ನ ಬಾಲ್ಯದ ಬಹುಭಾಗ ಆ ಕಿಂಡಿಯ ಕೆಳಗಿನ ಒರಳಕಲ್ಲಿನ ಮೇಲೆ ಕಳೆಯಿತು. ನಾನು ಓದಿದ್ದು, ಬರೆದದ್ದು, ರೊಟ್ಟಿ ತಿಂದದ್ದು, ದೊಡ್ಡವರ ಲೋಕ ಹೇಗೆ ನಡೆಯುತ್ತದೆ ಎಂದು ಕದ್ದು ಕೇಳಿದ್ದು ಎಲ್ಲ ಅಲ್ಲೇ.

ಅಪ್ಪ ಆ ಕಚೇರಿಯ ಪೇಶ್ಕಾರ. ಸಾಹೇಬರ ಮುಂದೆ ಕಾಗದ ಇಡುವುದು, ಅವರು ಹೇಳಿದ್ದನ್ನು ಬರೆಯುವುದು, ಉಳಿದವರಿಗೆ ಕೆಲಸ ಹಂಚುವುದು ಅವನ ಪಾಲಿನದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಗೋಡೆ ಸುತ್ತಿ ಆ ಕಡೆ ಹೋಗಿ ಕೂಡುತ್ತಿದ್ದ. ಅವನಿಗಿಂತ ಮೊದಲು ಬಂದಿರುತ್ತಿದ್ದವರು ಇಬ್ಬರೇ. ಒಬ್ಬ ತುಕಾರಾಮ. ಕಚೇರಿಯ ಮುಂದೆ ಕಸ ಹೊಡೆದು, ನೀರು ಚಿಮುಕಿಸಿ, ಜಮಖಾನೆ ಹಾಸಿ, ದಿನವಿಡೀ ಬಾಗಿಲಲ್ಲಿ ನಿಲ್ಲುವ ಜವಾನ. ಇನ್ನೊಬ್ಬರು ಖಾಸೀಂ ಮಾಮಾ. ದಫ್ತರದ ಕೋಣೆ ಅವರದು. ಊರೂರಿನ ಹೊಲಗಳ ಕಾಗದಗಳನ್ನು ಕೆಂಪು ಅರಿವೆಯಲ್ಲಿ ಗಂಟು ಕಟ್ಟಿ, ಗೂಡುಗೂಡಿನಲ್ಲಿ ಇಟ್ಟಿದ್ದರು. ಆ ಗಂಟುಗಳಿಗೆ ಬಸ್ತಾ ಅನ್ನುತ್ತಿದ್ದರು. ಯಾರು ಯಾವ ಊರಿನ ಹೆಸರು ಹೇಳಿದರೂ ಮಾಮಾ ತಲೆ ಎತ್ತದೆ ಕೈ ಚಾಚಿ ಆ ಊರಿನ ಬಸ್ತಾ ತೆಗೆಯುತ್ತಿದ್ದರು. ಅವರ ಬೆರಳ ತುದಿಗಳು ಆ ಅರಿವೆಯ ಬಣ್ಣ ಹತ್ತಿ ಸದಾ ಕೆಂಪಗಿರುತ್ತಿದ್ದವು. ಮಾಮಾ ಈಗಷ್ಟೇ ಎಲೆ ಅಡಿಕೆ ಹಾಕಿಕೊಂಡು ಬಂದಿದ್ದಾರೆ, ಕೈ ಒರೆಸಿಕೊಂಡಿಲ್ಲ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಪೋಲೀಸ್ ಆಕ್ಷನ್ ಆಗುವ ಮೊದಲಿನ ಗದ್ದಲದಲ್ಲಿ ಅಪ್ಪ ನಮ್ಮನ್ನು ಹಲಬರ್ಗಾಕ್ಕೆ, ಅವ್ವನ ತವರಿಗೆ ಕಳಿಸಿದ್ದ. ಆಗ ನಮ್ಮ ಮನೆಯ ಬಾಗಿಲಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದವರು ಖಾಸೀಂ ಮಾಮಾ. ಆಕ್ಷನ್ ಆದ ಮೇಲಿನ ವಾರಗಳಲ್ಲಿ ಹೆದರಿಕೆ ನಮ್ಮ ಮನೆಯಿಂದ ಅವರ ಮನೆಗೆ ದಾಟಿತು. ಆಗ ಮಾಮಾ, ಅವರ ಹೆಂಡತಿ ಜೈತುನಬಿ ಮಾಮಿ ನಮ್ಮ ಜೋಳದ ಕೋಣೆಯಲ್ಲಿ ಇದ್ದರು. ಇವು ನಮ್ಮ ಎರಡೂ ಮನೆಗಳಲ್ಲಿ ಯಾರೂ ಆಡದ ಮಾತುಗಳು. ಆಡಿದರೆ ಉಪಕಾರದ ಲೆಕ್ಕವಾಗುತ್ತದೆ ಎಂದು ಅವ್ವ ನನಗೂ ಬಾಯಿ ಮುಚ್ಚಿಸಿದ್ದಳು.

ಮುಂದೆ ಜಾಗೀರುಗಳು ಹೋದವು. ನಮ್ಮ ಕಚೇರಿಯೂ ಸರಕಾರದ ಕೈಗೆ ಹೋಯಿತು. ಹೊರಗಿನ ಪ್ರಾಂತದಿಂದ ಹೊಸ ಸಾಹೇಬರೊಬ್ಬರು ಬಂದರು. ಎಳೆಯ ವಯಸ್ಸು, ಬಿಳಿ ಪ್ಯಾಂಟು, ಊಟ ಮಾಡುವಾಗಲೂ ಗಡಿಯಾರ ನೋಡಿಕೊಳ್ಳುವವರು. ಕೆಟ್ಟವರಲ್ಲ, ಅವಸರದವರು. ಅವರಿಗೆ ಇಂಗ್ಲಿಷು, ಹಿಂದಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಒಂದು ದಿನ ಅಪ್ಪನನ್ನು ಕರೆದು ಒಂದು ಯಾದಿ ಕೊಟ್ಟರು. ಐದು ಹೆಸರು. ಹೊಸ ಕಚೇರಿಯಲ್ಲಿ ಇವರಿಗೆ ಜಾಗವಿಲ್ಲ, ಇದನ್ನು ಬಾಗಿಲಿಗೆ ಹಚ್ಚಿಸಿಬಿಡಿ ಅಂದರು. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಇದನ್ನೆಲ್ಲ ಅವ್ವನಿಗೆ ಹೇಳಿದ. ತಾನು ಹಿಂದಿಯಲ್ಲಿ ಆಡಿದ್ದನ್ನೂ ಕನ್ನಡದಲ್ಲಿ ಹೇಳಿ ತೋರಿಸಿದ.

"ಬಾಗಿಲಿಗಿ ಹಚ್ಚೂದು ಹರಾಜಿನ ಕಾಗದರಿ ಸಾಹೇಬ್ರ, ಮನಷ್ಯಾರ ಹೆಸರಲ್ಲ ಅಂದೆ. ನಾನೇ ಒಬ್ಬೊಬ್ಬರಿಗಿ ಹೇಳ್ತೇನಿ, ಎಂಟು ದಿನ ಕೊಡ್ರಿ ಅಂದೆ."

"ಕೊಟ್ರ?" ಅವ್ವ ಕೇಳಿದಳು.

"ಕೊಟ್ರು. ಗಡಿಯಾರ ನೋಡ್ಕೋತ ಕೊಟ್ರು."

ಅಪ್ಪ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ಏನೋ ಕೆಲಸಕ್ಕೆ ಭಾಲ್ಕಿಯ ಕಡೆ ಹೋದಾಗ, ಇನ್ನೊಂದು ಜಾಗೀರಿನ ಕಚೇರಿಯ ಅಂಗಳದಲ್ಲಿ ಹೆಸರು ಕೂಗಿ ಕೂಗಿ ಜನರನ್ನು ಕೆಲಸದಿಂದ ಬಿಡಿಸಿದ್ದನ್ನು ಅವನು ಕಣ್ಣಾರೆ ನೋಡಿ ಬಂದಿದ್ದ. ಹೆಸರು ಕೂಗಿದವನು ಮುಂದೆ ಬಂದು ಸೊಂಟದ ಪಟ್ಟಿಯ ಮೇಲಿನ ಕಚೇರಿಯ ಬಿಲ್ಲೆ ಬಿಚ್ಚಿ ಮೇಜಿನ ಮೇಲೆ ಇಡಬೇಕು, ಹಾಗೇ ಗೇಟಿನಿಂದ ಹೊರಗೆ ಹೋಗಬೇಕು. ಬೀದಿಯಲ್ಲಿ ನಿಂತವರು ನೋಡುತ್ತಿದ್ದರಂತೆ. ಒಬ್ಬ ಮುದುಕ ಬಿಲ್ಲೆಯ ಗುಂಡಿ ಬಿಚ್ಚಲಾಗದೆ ಬಹಳ ಹೊತ್ತು ನಿಂತಿದ್ದ, ಯಾರೂ ಕೈ ಹಚ್ಚಲಿಲ್ಲ, ನಾನೂ ಹಚ್ಚಲಿಲ್ಲ ಅಂದ ಅಪ್ಪ. ಇದನ್ನು ಹೇಳಿದ ದಿನ ಅವನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಿದ್ದ.

ಯಾದಿ ಕೈಗೆ ಬಂದ ಮೇಲೆ ಅಪ್ಪನ ಪೂಜೆ ದೊಡ್ಡದಾಯಿತು. ಪಾವು ಗಂಟೆಯಲ್ಲಿ ಮುಗಿಯುತ್ತಿದ್ದದ್ದು ಒಂದು ತಾಸಾದರೂ ಮುಗಿಯುತ್ತಿರಲಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಮೂರನೆಯ ದಿನ ಅವ್ವ ಅಡುಗೆಮನೆಯಿಂದಲೇ ಅಂದಳು:

"ನೀವು ಕಣ್ಣು ಮುಚ್ಚಿ ಎಷ್ಟು ಕುಂತ್ರೂ ಆ ಯಾದಿ ಕರಗಂಗಿಲ್ರಿ. ಎದ್ದು ಹೇಳೂದು ಹೇಳಿ ಬರ್ರಿ."

ಅಪ್ಪ ಮೊದಲು ತುಕಾರಾಮನನ್ನು ಆರಿಸಿಕೊಂಡ. ಅವನಿಗೆ ಹೇಳುವುದು ಎಲ್ಲರಿಗಿಂತ ಸುಲಭ ಅಂದುಕೊಂಡಿದ್ದನೇನೋ. ಮನೆಗೇ ಊಟಕ್ಕೆ ಕರೆದ. ಅವ್ವನಿಗೆ ಹೋಳಿಗೆ ಮಾಡಲು ಹೇಳಿದ. ತುಕಾರಾಮ ತೊಳೆದ ಅಂಗಿ ಹಾಕಿಕೊಂಡು ಬಂದು ನಮ್ಮ ಹಿಂದಿನ ಅಂಗಳದಲ್ಲಿ ಕೂತ. ಅವ್ವ ತುಪ್ಪ ಹಾಕಿ ಹಾಕಿ ನೀಡಿದಳು. ಅಪ್ಪ ಅವನ ಹೊಲದ ವಿಷಯ ಕೇಳಿದ, ಮಗಳ ಲಗ್ನದ ವಿಷಯ ಕೇಳಿದ, ತೊಗರಿ ಹೇಗೆ ಬಂದಿದೆ ಅಂತ ಕೇಳಿದ, ಕಾಲ ಹೇಗೆ ಬದಲಾಗುತ್ತದೆ ನೋಡು ಅಂದ, ಯಾವುದೂ ಶಾಶ್ವತವಲ್ಲ ಅಂದ. ಕಡೆಗೆ ಮಡಿಸಿದ ಒಂದು ಕಾಗದ ಕೈಗೆ ಕೊಟ್ಟು, "ಇದನ್ನ ಇಟ್ಕೊ ತುಕಾರಾಮ, ಎಲ್ಲಾ ಛಲೋ ಆಗ್ತದ" ಅಂದ. ತುಕಾರಾಮ ಅದನ್ನು ಕಣ್ಣಿಗೆ ಒತ್ತಿಕೊಂಡು ಕಿಸೆಯಲ್ಲಿಟ್ಟುಕೊಂಡ. ಅವನಿಗೆ ಓದಲು ಬರುತ್ತಿರಲಿಲ್ಲ. ನಗುನಗುತ್ತ ಹೋದ. ಹೊಸ ಸರಕಾರ ಏನೋ ಬಡ್ತಿ ಕೊಟ್ಟಿದೆ ಎಂದು ಮನೆಯಲ್ಲಿ ಹೇಳಿದನಂತೆ.

ಮರುದಿನ ಬೆಳಿಗ್ಗೆ ಕಸಬರಿಗೆಯ ಸಪ್ಪಳ ಕೇಳಿ ಅಪ್ಪ ಪೂಜೆಯಲ್ಲೇ ಕಣ್ಣು ಬಿಟ್ಟ. ನಾನು ಒರಳಕಲ್ಲು ಹತ್ತಿ ಕಿಂಡಿಯಲ್ಲಿ ನೋಡಿದೆ. ತುಕಾರಾಮ ಎಂದಿನಂತೆ ನೀರು ಚಿಮುಕಿಸುತ್ತಿದ್ದ. ಅಪ್ಪ ಎದ್ದು ಅಂಗಿ ತೊಟ್ಟು ಗೋಡೆ ಸುತ್ತಿ ಹೋಗುವಷ್ಟರಲ್ಲಿ ಹೊಸ ಸಾಹೇಬರು ಬಂದುಬಿಟ್ಟಿದ್ದರು. ಕಚೇರಿಯ ಮುಂದೆ ಅರ್ಜಿ ಹಿಡಿದ ರೈತರಿದ್ದರು, ಇಬ್ಬರು ಗುಮಾಸ್ತರಿದ್ದರು. ಎಲ್ಲರ ಮುಂದೆ ಸಾಹೇಬರು, ನಿನ್ನನ್ನು ನಿನ್ನೆಯೇ ತೆಗೆದುಹಾಕಿದೆಯಲ್ಲ, ಇಲ್ಲೇನು ಮಾಡುತ್ತಿದ್ದೀ ಅಂದರು. ತುಕಾರಾಮನಿಗೆ ಹಿಂದಿ ಅಷ್ಟು ತಿಳಿಯುತ್ತಿತ್ತು. ಕೈಯಲ್ಲಿ ತಂಬಿಗೆ ಹಿಡಿದುಕೊಂಡೇ ಅವನು ತಿರುಗಿ ನೋಡಿದ್ದು ಸಾಹೇಬರನ್ನಲ್ಲ, ಬಾಗಿಲಲ್ಲಿ ನಿಂತ ಅಪ್ಪನನ್ನು.

"ಅಂದ್ರ ನಿನ್ನಿ ಹೋಳಿಗಿ ಅದಕ್ಕೇನ್ರಿ?" ಅಂದ. ತಂಬಿಗೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಹೋದ.

ಅವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದ ಜಗಳದಂಥ ಜಗಳ ನಾನು ಮತ್ತೆ ನೋಡಲಿಲ್ಲ. ಅವ್ವ ದನಿ ಏರಿಸಲಿಲ್ಲ, ಅದೇ ಅಂಜಿಕೆ ತರುವಂತಿತ್ತು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಮಾತಾಡಿದಳು.

"ನನ್ನ ಕೈಲಿಂದ ಹೋಳಿಗಿ ಮಾಡ್ಸಿ ಅವನ ಕಣ್ಣಿಗಿ ಬಟ್ಟಿ ಕಟ್ಟಿದ್ರಿ."

"ಅವಗ ನೋವಾಗಬಾರ್ದಂತ ಮಾಡ್ದೆ," ಅಂದ ಅಪ್ಪ.

"ಅವಗ ಅಲ್ರಿ. ಅವನ ಮಾರಿ ಬಾಡೂದು ನಿಮಗ ನೋಡ್ಲಿಕ್ಕಿ ಆಗ್ತಿದ್ದಿಲ್ಲ. ಕನಿಕರ ಅವನ ಮ್ಯಾಲ ಅಲ್ಲ, ನಿಮ್ಮ ಮ್ಯಾಲ ತೋರಿಸ್ಕೊಂಡ್ರಿ. ಒಂದು ಮಾತು ಬಾಯಿ ಬಿಟ್ಟು ಹೇಳಿದ್ರ ಆ ಮನಷ್ಯಾ ಇವತ್ತ ಹತ್ತು ಮಂದಿ ಮುಂದ ನಿಂದ್ರೂದು ತಪ್ಪತಿತ್ತು."

ಅಪ್ಪ ಉಣ್ಣದೆ ಎದ್ದು ತುಕಾರಾಮನ ಮನೆಗೆ ಹೋದ. ತಪ್ಪಾಯಿತು ಅಂದನಂತೆ. ತುಕಾರಾಮ ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಲೇ ಇದ್ದನಂತೆ. ಆಮೇಲೆ ಔರಾದಿನಲ್ಲಿ ನಾವಿದ್ದಷ್ಟು ದಿನವೂ ಅವನು ಅಪ್ಪನ ಜೊತೆ ಮಾತಾಡಲಿಲ್ಲ. ಸಂತೆಯಲ್ಲಿ ಎದುರಾದರೆ ಅಪ್ಪ ನಮಸ್ಕಾರ ಮಾಡುತ್ತಿದ್ದ, ಅವನು ಎಮ್ಮೆಯ ಹಗ್ಗ ಸರಿಮಾಡುತ್ತ ನಿಲ್ಲುತ್ತಿದ್ದ. ಅಪ್ಪ ಕೊನೆಯವರೆಗೂ ನಮಸ್ಕಾರ ಮಾಡುವುದನ್ನು ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಬೀದರಿನ ಒಂದು ಹೆಣ್ಣುಮಕ್ಕಳ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿಯಾದೆ. ಅಲ್ಲಿ ಒಬ್ಬ ಆಯಾಳನ್ನು ಕೆಲಸದಿಂದ ಬಿಡಿಸಬೇಕಾಗಿ ಬಂತು. ಇಷ್ಟೆಲ್ಲ ಕಂಡು ಬೆಳೆದವಳಾದರೂ ನಾನು ಮಾಡಿದ್ದೇನು? ರಜೆಯ ದಿನ ನೋಡಿ ಟಪಾಲಿನಲ್ಲಿ ಕಾಗದ ಕಳಿಸಿದೆ. ಅವಳು ಬಂದು ನನ್ನ ಕೋಣೆಯ ಹೊರಗೆ ನಿಂತು, "ಬಾಯೋರ, ಒಂದು ಸಲ ಕರದು ಹೇಳಿದ್ರ ನಾ ಏನ್ ಅಂತಿದ್ದೆ?" ಅಂದಳು. ಅಪ್ಪನನ್ನು ನಾನು ಅರ್ಥ ಮಾಡಿಕೊಂಡದ್ದು ಆಗ. ಅಂಥ ಮಾತನ್ನು ಹೊತ್ತು ಇನ್ನೊಬ್ಬರ ಮನೆಯವರೆಗೆ ನಡೆಯುವುದು ಎಷ್ಟು ದೂರ ಎಂಬುದು ತಿಳಿದದ್ದೂ ಆಗಲೇ.

ತುಕಾರಾಮನ ಆಮೇಲೆ, ಯಾದಿಯಲ್ಲಿದ್ದ ಕುದುರೆ ನೋಡಿಕೊಳ್ಳುವವನಿಗೂ ಇಬ್ಬರು ಕಾವಲುಗಾರರಿಗೂ ಅಪ್ಪ ಅವರವರ ಮನೆಗೆ ಹೋಗಿ, ಕೂತ ಕೂಡಲೇ ಹೇಳಿ ಬಂದ. ಉಳಿದದ್ದು ಖಾಸೀಂ ಮಾಮಾ. ಹೊರಡುವಾಗ ಅವ್ವ ಸೆರಗು ಸರಿಮಾಡಿಕೊಂಡು ತಾನೂ ಬಾಗಿಲಿಗೆ ಬಂದಳು.

"ನೀ ಎಲ್ಲಿಗಿ?" ಅಪ್ಪ ಕೇಳಿದ.

"ಮಾಮಾಗ ನೀವು ಹೇಳ್ರಿ. ಜೈತುನಬಿಗಿ ನಾ ಹೇಳ್ತೇನಿ. ಗಂಡಸು ತನ್ನ ಬಾಯಿಲಿಂದ ಹೆಂಡ್ತಿಗಿ ಇದನ್ನ ಹ್ಯಾಂಗ ಹೇಳಬೇಕ್ರಿ? ಅದೊಂದರ ತಪ್ಪಲಿ."

ನನ್ನನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿರಲಿಲ್ಲ. ನಾನೂ ಹೋದೆ. ಪೇಟೆಯ ಹಿಂದಿನ ಗಲ್ಲಿಯಲ್ಲಿ ಅವರದು ಎರಡು ಕೋಣೆಯ ಮನೆ. ಮಾಮಾ ನಮ್ಮನ್ನು ನೋಡಿ ಹೊರಸಿನ ಮೇಲಿನ ಚಾದರ ಝಾಡಿಸಿದರು. ಮಾಮಿ ಬಂದು ಅವ್ವನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು, ನಾನು ನಡುವಿನ ಹೊಸ್ತಿಲ ಮೇಲೆ ಕೂತೆ. ಅಪ್ಪ ಕೂತ.

"ಖಾಸೀಂಸಾಬ್ರ, ಕೆಟ್ಟ ಸುದ್ದಿ ತಂದೀನ್ರಿ. ಬರೂ ಸೋಮವಾರದಿಂದ ಕಚೇರ್ಯಾಗ ನಿಮಗ ಕೆಲಸ ಇರಂಗಿಲ್ಲ. ಹುಕುಂ ಬಂದದ. ಬ್ಯಾರೆಯವರ ಬಾಯಿಲಿಂದ ನಿಮಗ ಗೊತ್ತಾಗಬಾರ್ದಂತ ನಾನೇ ಬಂದೀನಿ."

ಮಾಮಾ ಝಾಡಿಸಿದ ಚಾದರವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. ಅದನ್ನು ಮಡಿಸಿದರು. ಅಂಚಿಗೆ ಅಂಚು ಕೂಡಿಸಿ ಮತ್ತೊಮ್ಮೆ ಮಡಿಸಿದರು.

"ನನ್ನ ಕಡಿಂದ ಏನರ ಕಸೂರ್ ಆಗ್ಯಾದೇನ್ರಿ ಪೇಶ್ಕಾರ್ ಸಾಬ್?"

"ಇಲ್ರಿ. ಏನೂ ಆಗಿಲ್ಲ. ಇಂಗ್ಲಿಷ್ ಬರೋರು ಬೇಕಂತ ಅವರಿಗಿ."

"ಮತ್ತ ನೀವು ಒಂದು ಮಾತು ಹೇಳಿ ನೋಡಿದ್ರ?"

"ಹೇಳಿ ನೋಡೀನ್ರಿ, ಎರಡು ಸಲ. ಬದಲಾಗಂಗಿಲ್ಲ. ಆಗ್ತದಂತ ನಾ ಆಸಿ ಹಚ್ಚಂಗಿಲ್ಲ ನಿಮಗ."

ಈ ಸಲ ಅಪ್ಪ ಕಾಲದ ಮಾತು ತೆಗೆಯಲಿಲ್ಲ, ಸಮಾಧಾನ ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ. ಇಬ್ಬರೂ ಹೊರಸಿನ ಎರಡು ತುದಿಗೆ ಕೂತರು. ಒಳಗೆ ಮಾಮಿ ಅವ್ವನ ಕೈ ಹಿಡಿದುಕೊಂಡಿದ್ದಳು, ಪ್ರೀತಿಯಿಂದಲ್ಲ, ಸಿಟ್ಟಿನಿಂದ.

"ನಿಮ್ಮವ್ರನ್ನ ಯಾಕ ಬಿಡ್ಸಿಲ್ಲ ಮತ್ತ?"

"ಅವರು ಒಂದು ಇಂಗ್ಲಿಷ್ ಪರೀಕ್ಷಾ ಪಾಸಾಗ್ಯಾರವ್ವ. ಅದಕ್ಕಿಂತ ದೊಡ್ಡ ಕಾರಣ ನನ್ನ ಹಂತೇಕ ಇಲ್ಲ."

"ನಾವು ಮುಸಲ್ಮಾನ್ರಂತ ಅಲ್ಲಲಾ?"

ಅವ್ವ ಅಲ್ಲ ಅಂತಾಳೆ ಎಂದು ನಾನು ಕಾಯುತ್ತಿದ್ದೆ.

"ನನಗ ಗೊತ್ತಿಲ್ಲ ಜೈತುನ್. ಇರಬಹುದು. ಅಲ್ಲಂತ ಹೇಳಿದ್ರ ನಿನ್ನ ಮುಂದ ಸುಳ್ಳು ಆಡಿದಂಗ ಆಗ್ತದ."

ಆಗ ಮಾಮಿ ಅತ್ತಳು. ಅವ್ವನೂ ಅತ್ತಳು. ಹೊರಗೆ ಮಾಮಾ ಒಂದೇ ಒಂದನ್ನು ಕೇಳಿದರು.

"ಕೋಣಿ ನಾನೇ ಒಪ್ಪಿಸಿ ಹೋಗ್ತೇನ್ರಿ. ಚಾವಿ ಕಸ್ಕೋಬ್ಯಾಡ್ರಿ. ಯಾವ ಬಸ್ತಾ ಎಲ್ಲದ ಅಂತ ಹೊಸಬರಿಗಿ ಹ್ಯಾಂಗ ಗೊತ್ತಾಗಬೇಕು?"

ಸಾಹೇಬರು ಇದಕ್ಕೆ ಒಪ್ಪಲಿಲ್ಲ. ಸಿಟ್ಟಿನಲ್ಲಿ ಯಾವುದಾದರೂ ಕಾಗದ ಸುಟ್ಟರೆ, ಕದ್ದೊಯ್ದರೆ ಯಾರು ಹೊಣೆ ಅಂದರು. ಕಿಂಡಿಯಲ್ಲಿ ನನಗೆ ಅಪ್ಪನ ಬೆನ್ನಷ್ಟೇ ಕಾಣುತ್ತಿತ್ತು. "ಒಂದು ಕಾಗದ ಕಡಿಮೆ ಬಂದರೂ ಯಾದಿಯಲ್ಲಿ ಆರನೆಯ ಹೆಸರು ನನ್ನದು ಬರೆದುಕೊಳ್ಳಿ" ಅಂದ. ಅವ್ವ ನನ್ನ ಹಿಂದೆಯೇ ನಿಂತು ಕೇಳುತ್ತಿದ್ದಳು. ಅವಳ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು. ಸಾಹೇಬರು ನಾಲ್ಕು ದಿನ ಕೊಟ್ಟರು.

ನಾಲ್ಕು ದಿನ ಖಾಸೀಂ ಮಾಮಾ ಒಂದೊಂದು ಗಂಟನ್ನೂ ಇಳಿಸಿ, ಧೂಳು ಹೊಡೆದು, ಊರಿನ ಹೆಸರು ಓದಿ ಹೊಸ ಗುಮಾಸ್ತನಿಗೆ ಒಪ್ಪಿಸಿದರು. ಇದರಲ್ಲಿ ಅಣ್ಣತಮ್ಮಂದಿರ ವ್ಯಾಜ್ಯವಿದೆ, ಈ ಕಾಗದ ತೆಳ್ಳಗಿದೆ, ಹುಷಾರಾಗಿ ಬಿಚ್ಚು ಎಂದು ಹೇಳಿಕೊಟ್ಟರು. ಕೊನೆಯ ದಿನ ಬಗದಲ್ ಎಂದು ಓದಿ ಗೂಡಿಗೆ ಕೈ ಹಾಕಿದರೆ ಗೂಡು ಬರಿದಾಗಿತ್ತು. ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಗುಮಾಸ್ತರು ಬರೆಯುವುದು ನಿಲ್ಲಿಸಿದರು. ಅಪ್ಪನ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನನಗೆ ಕಿಂಡಿಯಿಂದಲೇ ಕಂಡಿತು. ಮಾಮಾ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಪ್ಪನ ಹತ್ತಿರ ಬಂದು, ಕಿವಿಯ ಬಳಿ ಬಗ್ಗಿ ಏನೋ ಹೇಳಿದರು. ಅಪ್ಪ ಎದ್ದು ಸಾಹೇಬರ ಮೇಜಿನ ಬಲಗಡೆಯ ಖಾನೆ ಎಳೆದ. ಕೆಂಪು ಗಂಟು ಅಲ್ಲಿತ್ತು. ಬಂದ ಹೊಸದರಲ್ಲಿ ಸಾಹೇಬರೇ ತರಿಸಿಕೊಂಡು ಮರೆತಿದ್ದರು. ಗಟ್ಟಿಯಾಗಿ ಹೇಳಿದ್ದರೆ ಎಲ್ಲರೂ ನಗುತ್ತಿದ್ದರು. ಮಾಮಾ ಯಾಕೆ ಹೇಳಲಿಲ್ಲ ಎಂದು ನಾನು ಅಪ್ಪನನ್ನು ಆಮೇಲೆ ಕೇಳಿದೆ. "ಮಂದಿ ಮುಂದ ಒಬ್ಬರ ಮಾರಿ ಇಳಿಸೂದು ಅವರಿಗಿ ಬರಂಗಿಲ್ಲವ್ವಾ" ಅಂದ.

ಮಾಮಾ ಚಾವಿಯ ಗೊಂಚಲನ್ನು ಎರಡೂ ಕೈಯಿಂದ ಹಿಡಿದು ಮುಂದಿಟ್ಟಾಗ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ನಿಂತದ್ದೇ ಸಾಕಾಗಿತ್ತು. ಅಪ್ಪ ಒಂದು ಕಾಗದ ಬರೆದಿಟ್ಟಿದ್ದ. ಇವರು ಇಷ್ಟು ವರ್ಷ ಈ ಕೋಣೆ ಕಾಯ್ದರು, ಒಂದು ಚೂರೂ ಕಳೆಯಲಿಲ್ಲ, ಇವರ ಮೇಲೆ ಯಾವ ದೋಷವೂ ಇಲ್ಲ ಎಂದು ಉರ್ದುವಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿತ್ತು. ಸಾಹೇಬರು ಅದಕ್ಕೆ ಸಹಿ ಹಾಕಿದರು. ಆಮೇಲೆ ಅಪ್ಪ ಮಾಮಾನ ಜೊತೆ ಹೊರಗೆ ಬಂದ. ಹಿಂದಿನ ಗಲ್ಲಿಯಿಂದ ಹೋದರೆ ಮಾಮಾನ ಮನೆ ಹತ್ತಿರ. ಅಪ್ಪ ಬೇಕೆಂತಲೇ ಪೇಟೆಯ ದಾರಿ ಹಿಡಿದ. ಅಂಗಡಿಯವರು ನೋಡುತ್ತಿದ್ದರು. ಪೇಶ್ಕಾರನೂ ದಫ್ತರದ ಖಾಸೀಂಸಾಬನೂ ಹೆಗಲಿಗೆ ಹೆಗಲು ಹಚ್ಚಿ, ಅವಸರವಿಲ್ಲದೆ, ಸಜ್ಜೆಯ ಧಾರಣೆಯ ಮಾತಾಡುತ್ತ ನಡೆದು ಹೋದರು. ಕಿರಾಣಿ ಅಂಗಡಿಯವನು ಎದ್ದು ಮಾಮಾನಿಗೆ ಸಲಾಂ ಮಾಡಿದನೆಂದು ಊರೆಲ್ಲ ಹೇಳಿತು.

ಮಂಗಳವಾರ ಬೆಳಿಗ್ಗೆ ಮಾಮಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ನಿನ್ನೆ ಕಚೇರಿಯ ಹೊತ್ತಿಗೆ ಸರಿಯಾಗಿ ಮಾಮಾ ಶೇರವಾನಿ ತೊಟ್ಟು, ಗುಂಡಿ ಹಾಕಿಕೊಂಡು, ಹೊರಸಿನ ಮೇಲೆ ಕೂತುಬಿಟ್ಟರಂತೆ. ಬಿಸಿಲು ಏರುವವರೆಗೆ ಏಳಲಿಲ್ಲವಂತೆ. ಇವತ್ತೂ ಹಾಗೇ ಕೂತಿದ್ದಾರೆ ಅಂದಳು. ಅಪ್ಪ ಪೂಜೆ ಬೇಗ ಮುಗಿಸಿ ಅವರ ಮನೆಗೆ ಹೋದ. ಪಕ್ಕದಲ್ಲಿ ಕೂತು ಶಿಕಸ್ತಾ ಎನ್ನುವ ಹೆಣೆದುಕೊಂಡ ಓಡುಬರಹದ ಒಂದು ಹಳೆಯ ಉರ್ದು ಕಾಗದ ತೋರಿಸಿ, ಇದು ಓದಲಿಕ್ಕೆ ಬರುತ್ತಿಲ್ಲ, ಏನು ಅಂತ ಕೇಳಿದ. ಮರುದಿನವೂ ಹೋದ. ಆಮೇಲೆ ಅದು ದಿನದ ಕೆಲಸವಾಯಿತು. ಮನೆಯಿಂದ ಹೊರಟು, ಮಾಮಾನ ಹೊರಸಿನ ಮೇಲೆ ಪಾವು ಗಂಟೆ ಕೂತು, ಅಲ್ಲಿಂದ ಕಚೇರಿಗೆ. ಗೋಡೆಯ ಆಚೆ ಇದ್ದ ಕಚೇರಿಗೆ ಅಪ್ಪ ಊರು ಸುತ್ತಿ ಹೋಗುತ್ತಾನೆ ಎಂದು ಗುಮಾಸ್ತರು ನಗುತ್ತಿದ್ದರು. ಮಾಮಾನ ಶೇರವಾನಿಯ ಗುಂಡಿ ಮೊದಲು ಒಂದು ಬಿಚ್ಚಿತು, ಆಮೇಲೆ ಎರಡು. ಒಂದು ದಿನ ಅವರು ಬನಿಯನ್ನಿನಲ್ಲೇ ಕೂತು ಮಾತಾಡಿದರೆಂದು ಅಪ್ಪ ಮನೆಗೆ ಬಂದು ಹಿಗ್ಗಿನಿಂದ ಹೇಳಿದ.

ಅಷ್ಟರಲ್ಲಿ ಕಚೇರಿಯ ಬರಹ ಬದಲಾಗಿತ್ತು. ಹಳೆಯ ಶಿಕಸ್ತಾ ಉರ್ದು ಕಾಗದ ಓದಬಲ್ಲವರು ಅಲ್ಲಿ ಯಾರೂ ಉಳಿದಿರಲಿಲ್ಲ. ಅಜ್ಜನ ಕಾಲದ ಕಾಗದ ಪೆಟ್ಟಿಗೆಯಲ್ಲಿಟ್ಟುಕೊಂಡ ರೈತರಿಗೆ ಅದರಲ್ಲಿ ಏನಿದೆ ಎಂದು ತಿಳಿಯಬೇಕಾಗಿತ್ತು. ಒಬ್ಬೊಬ್ಬರಾಗಿ ಪೇಟೆಯ ಹಿಂದಿನ ಗಲ್ಲಿಗೆ ಬರತೊಡಗಿದರು.

ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ಹೋದಾಗ ನಾನೂ ಬೆನ್ನು ಹತ್ತಿದ್ದೆ, ಶಾಲೆ ಅದೇ ದಾರಿಯಲ್ಲಿತ್ತು. ಹೊರಸು ಖಾಲಿ ಇತ್ತು. ಮಾಮಿ ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದಳು.

"ಖಾಸೀಂಸಾಬ್ರು ಎಲ್ಲವ್ವ?"

"ಭಾಲ್ಕಿಗಿ ಹೋಗ್ಯಾರ್ರಿ ಅಣ್ಣೋರ. ಯಾರೋ ಗಾಡಿ ಕಟ್ಕೊಂಡು ಬಂದಿದ್ರು, ಕಾಗದ ಓದಸ್ಲಿಕ್ಕಿ. ಪೇಶ್ಕಾರ್ ಸಾಬ್ ಬರ್ತಾರ, ತಡೀರಿ ಅಂದೆ. ಟೈಮ್ ಇಲ್ಲ ಅಂದ್ರು." ಹೇಳುತ್ತ ಹೇಳುತ್ತ ಮಾಮಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು.

ಅಪ್ಪ ಖಾಲಿ ಹೊರಸಿನ ಮೇಲೆ ಕೂತ. ಏನು ಮಾಡಬೇಕೋ ತಿಳಿಯದವನಂತೆ ಚಾದರ ಸವರಿದ. ಆಮೇಲೆ ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನೀ ಸಾಲಿಗಿ ನಡಿ, ನಾ ಒಂದಿಷ್ಟು ಕುಂತು ಬರ್ತೇನಿ" ಅಂದ. ಗಲ್ಲಿಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಕಚೇರಿಗೆ ಹೊತ್ತಾಗಿತ್ತು, ಅಪ್ಪ ಎದ್ದಿರಲಿಲ್ಲ. ಮಾಮಿಯ ಮೊರವನ್ನು ತನ್ನ ಮುಂದೆ ಎಳೆದುಕೊಂಡು, ತಲೆ ಬಗ್ಗಿಸಿ, ಬೇಳೆಯಲ್ಲಿನ ಹರಳು ಆರಿಸುತ್ತಿದ್ದ.